ಮಂಗಳೂರಿನ ಅಡುಗೆಮನೆಯಲ್ಲಿದ್ದ ಸಂತ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಯಿಂದ ಮಂಗಳೂರಿಗೆ ಓದಲು ಹೋಗುವ ಮಕ್ಕಳಿಗೆ ಆ ಊರಿನ ಕಾಲೇಜುಗಳ ಹೆಸರು ಬಾಯಿಪಾಠ. ಅಲ್ಲಿಯೇ ಅಡುಗೆಮನೆ ಕೆಲಸ ಮಾಡಿಕೊಂಡಿದ್ದ ಸನ್ಯಾಸಿನಿಯೊಬ್ಬಳನ್ನು 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಸಂತಳೆಂದು ಘೋಷಿಸಿದ್ದು ಎಷ್ಟು ಮಂದಿಗೆ ಗೊತ್ತು?

ಆಕೆ ಮರಿಯಂ ಬವಾರ್ದಿ. ಹುಟ್ಟಿದ್ದು 1846ರಲ್ಲಿ, ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ. ಎಳವೆಯಲ್ಲೇ ತಂದೆತಾಯಿ ಇಬ್ಬರೂ ತೀರಿಕೊಂಡರು; ಚಿಕ್ಕಪ್ಪ ಸಾಕಿದ. 13ರ ಸುಮಾರಿಗೆ ಮದುವೆ ಗೊತ್ತು ಮಾಡಿದಾಗ ಒಲ್ಲೆನೆಂದು ಜಡೆಯನ್ನೇ ಕತ್ತರಿಸಿಕೊಂಡಳು. ಆಮೇಲೆ ಅಲೆಕ್ಸಾಂಡ್ರಿಯ, ಜೆರುಸಲೇಂ, ಬೈರೂತ್, ಮಾರ್ಸೇಲ್‌ಗಳಲ್ಲಿ ಮನೆಗೆಲಸ. ಓದುಬರಹ ಅಷ್ಟಕ್ಕಷ್ಟೆ. 1867ರಲ್ಲಿ ಫ್ರಾನ್ಸಿನ ಕಾರ್ಮೆಲ್ ಮಠವೊಂದನ್ನು ಸೇರಿದಳು.

1870ರಲ್ಲಿ ಮಂಗಳೂರಿನಲ್ಲಿ ಮಠ ಸ್ಥಾಪಿಸಲು ಹೊರಟ ತಂಡದೊಂದಿಗೆ ಬಂದು, ಮರುವರ್ಷ ನವೆಂಬರ್ 21ರಂದು ಅಲ್ಲೇ ವ್ರತ ಸ್ವೀಕರಿಸಿದಳು. ಆಕೆಗಾಗುತ್ತಿದ್ದ ದರ್ಶನಗಳನ್ನು ಮೊದಲು ನಂಬಿದ ಹಿರಿಯರು ನಂತರ ಅನುಮಾನಿಸಿದರು. ಅನುಮಾನಿಸುವುದು ತಪ್ಪಲ್ಲ, ವಿಜ್ಞಾನ ಓದುವ ಮಕ್ಕಳಿಗೆ ಅದು ಗೊತ್ತು. ಆದರೆ 1872ರಲ್ಲಿ ಆಕೆಯನ್ನು ಫ್ರಾನ್ಸಿಗೆ ವಾಪಸು ಕಳುಹಿಸಿಯೇಬಿಟ್ಟರು. ಅಂಥ ಅವಮಾನ ಯಾರನ್ನಾದರೂ ಕುಗ್ಗಿಸೀತು. ತನ್ನನ್ನು ತಾನೇ ‘ಏನೂ ಅಲ್ಲದವಳು’ ಎಂದು ಕರೆದುಕೊಳ್ಳುತ್ತಿದ್ದ ಮರಿಯಂ ಮಾತ್ರ ಮತ್ತೆ ಕೈಕೆಲಸಕ್ಕೆ ಇಳಿದಳು. (ಎರಡು ಅಂಕ ಕಡಿಮೆ ಬಂದರೆ ಊಟ ಬಿಡುವ ಮಕ್ಕಳಿರುವ ಮನೆಗಳಲ್ಲಿ ಇಷ್ಟನ್ನು ಓದಿ ಹೇಳಬಹುದು.)

1875ರಲ್ಲಿ ಬೆತ್ಲೆಹೇಮಿನಲ್ಲಿ ಹೊಸ ಮಠ ಕಟ್ಟಲು ಹೋದಾಗ ಆಕೆಯ ಅರಬ್ಬಿ ಭಾಷೆ ಉಪಯೋಗಕ್ಕೆ ಬಂತು. ಕಟ್ಟಡದ ನಕ್ಷೆಯೂ ಆಕೆಯದೇ, ಕೆಲಸಗಾರರ ಉಸ್ತುವಾರಿಯೂ ಆಕೆಯದೇ. 1878ರ ಆಗಸ್ಟ್‌ನಲ್ಲಿ ಆ ಕೆಲಸಗಾರರಿಗೆ ಕುಡಿಯುವ ನೀರು ಹೊತ್ತೊಯ್ಯುವಾಗ ಬಿದ್ದು ತೋಳು ಮುರಿಯಿತು. ಗಾಯ ಕೊಳೆತು ನಂಜೇರಿತು. ಪೆನಿಸಿಲಿನ್ ಪತ್ತೆಯಾಗಲು ಇನ್ನೂ ಅರ್ಧ ಶತಮಾನವಿತ್ತು. ಅದೇ ತಿಂಗಳ 26ರಂದು ತೀರಿಕೊಂಡಾಗ ಆಕೆಗೆ 32 ವರ್ಷ.