ಧೂಮಕೇತುವಿನ ಧೂಳು ಮತ್ತು ಅರಸುವವನ ಸಂಯಮ

ಧೂಮಕೇತು ಮೂಡಿದರೆ ಅರಸನಿಗೆ ಕೇಡು, ನಾಡಿಗೆ ಬರ ಎಂದು ಹಿಂದಿನವರು ಅಂಜುತ್ತಿದ್ದರು. ಇಂದಿನ ವಿಜ್ಞಾನವು ಅದೇ ಧೂಮಕೇತುವಿನಲ್ಲಿ ಜೀವದ ಮೂಲದ್ರವ್ಯವನ್ನು ಅರಸುತ್ತಿದೆ. ಸುಮಾರು 400 ಕೋಟಿ ವರ್ಷಗಳ ಹಿಂದೆ ಎಳೆಯ ಭೂಮಿಗೆ ಬಂದಪ್ಪಳಿಸಿದ ಹಿಮಪಿಂಡಗಳು ಆ ದ್ರವ್ಯಗಳನ್ನು ಹೊತ್ತು ತಂದಿರಬಹುದೇ? ಅಥವಾ ಅಪ್ಪಳಿಸಿದ ಆಘಾತವೇ ಅವುಗಳನ್ನು ನಿರ್ಮಿಸಿರಬಹುದೇ? ಈ ಪ್ರಶ್ನೆಗೆ ಉತ್ತರವನ್ನು ಅರಸಿದ ಬಗೆಯಲ್ಲಿ ನೀತಿವಿಚಾರಕ್ಕೂ ಸಲ್ಲುವ ಪಾಠವೊಂದು ಅಡಗಿದೆ.

ಎರಡನೆಯ ಪ್ರಶ್ನೆಯನ್ನು ಪರೀಕ್ಷಿಸಿದ ಪ್ರಯೋಗವೊಂದರ ವಿವರ 2013ರಲ್ಲಿ ಪ್ರಕಟವಾಯಿತು. ಅಮೋನಿಯ, ಇಂಗಾಲದ ಡೈಆಕ್ಸೈಡ್ ಮತ್ತು ಮೆಥನಾಲ್ ಬೆರೆತ ಮಂಜುಗಡ್ಡೆಯ ಮೇಲೆ ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾನಿಲಯದ ಅನಿಲ ಬಂದೂಕಿನಿಂದ ಉಕ್ಕಿನ ಗುಂಡನ್ನು ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ವೇಗದಲ್ಲಿ ಹಾರಿಸಲಾಯಿತು. ಆಘಾತಕ್ಕೊಳಗಾದ ಮಂಜಿನಲ್ಲಿ ಗ್ಲೈಸೀನ್, ಅಲನೀನ್ ಮೊದಲಾದ ಅಮೈನೋ ಆಮ್ಲಗಳು ದೊರೆತವು. ಪ್ರೋಟೀನುಗಳು ಇಂತಹ ಆಮ್ಲಗಳ ಸರಪಣಿಗಳೇ ಆಗಿವೆ. ಹೀಗೆ ನಡೆಯುವುದು ಸಾಧ್ಯ ಎಂದು ಪ್ರಯೋಗ ತೋರಿಸಿತು. ಹೀಗೆಯೇ ನಡೆಯಿತೆಂದು ಅದು ಸಾಧಿಸಲಿಲ್ಲ.

ಮೊದಲನೆಯ ಪ್ರಶ್ನೆಯ ಕಥೆ ಇನ್ನೂ ಮನನೀಯ. ಅಮೆರಿಕದ ನಾಸಾ ಸಂಸ್ಥೆಯ ಸ್ಟಾರ್‌ಡಸ್ಟ್ ನೌಕೆಯು 2004ರ ಜನವರಿಯಲ್ಲಿ ಧೂಮಕೇತುವೊಂದರ ಸಮೀಪ ಹಾದುಹೋಗಿ, ಅದರ ಧೂಳನ್ನು ಸಂಗ್ರಹಿಸಿ, 2006ರ ಜನವರಿಯಲ್ಲಿ ಭೂಮಿಗೆ ತಲುಪಿಸಿತು. ಅದರಲ್ಲಿ ಗ್ಲೈಸೀನ್ ಕಂಡಿತು. ಜಗತ್ತಿಗೆ ಸಾರಲು ಅದಕ್ಕಿಂತ ದೊಡ್ಡ ಸುದ್ದಿ ಬೇಕಿರಲಿಲ್ಲ. ಆದರೆ ಪರೀಕ್ಷಕರು ತಡೆದರು. ನೈಲಾನ್ ಚೀಲದಿಂದ ಬಂದ ಬೇರೊಂದು ಆಮ್ಲವೂ ಆ ಮಾದರಿಯಲ್ಲಿ ಇದ್ದುದರಿಂದ, ಗ್ಲೈಸೀನ್ ಕೂಡ ಭೂಮಿಯ ಮಾಲಿನ್ಯವೇ ಆಗಿರಬಹುದಲ್ಲವೇ ಎಂದು ಅವರೇ ಶಂಕಿಸಿದರು. ಅತ್ಯಲ್ಪ ಪ್ರಮಾಣದ ಆ ವಸ್ತುವನ್ನು ಅಳೆಯಲು ಉಪಕರಣಗಳನ್ನು ವರ್ಷಗಟ್ಟಲೆ ಹದಗೊಳಿಸಿದರು. ಭೂಮಿಯ ಗ್ಲೈಸೀನಿಗಿಂತ ಇದರಲ್ಲಿ ಭಾರವಾದ ಇಂಗಾಲ-13ರ ಪಾಲು ಹೆಚ್ಚಾಗಿರುವುದು ಖಚಿತವಾದ ಮೇಲೆ, 2009ರಲ್ಲಿ, ಇದು ಧೂಮಕೇತುವಿನದೇ ಎಂದು ನುಡಿದರು. ಮುಂದೆ ಯುರೋಪಿನ ರೊಸೆಟ್ಟಾ ನೌಕೆಯು ಮತ್ತೊಂದು ಧೂಮಕೇತುವಿನ ಬಳಿಯೇ ಗ್ಲೈಸೀನನ್ನೂ ರಂಜಕವನ್ನೂ ಗುರುತಿಸಿದ್ದು 2016ರಲ್ಲಿ ಪ್ರಕಟವಾಯಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. 1864ರ ಮೇ ತಿಂಗಳಿನಲ್ಲಿ ಫ್ರಾನ್ಸಿನ ಓರ್ಗೈ ಎಂಬಲ್ಲಿ ಉಲ್ಕಾಶಿಲೆಗಳು ಬಿದ್ದವು. ಅದರ ಒಂದು ತುಣುಕಿನೊಳಗೆ ಯಾರೋ ಗಿಡದ ಬೀಜಗಳನ್ನು ಹುದುಗಿಸಿ, ಗೋಂದು ಮತ್ತು ಕಲ್ಲಿದ್ದಲ ಪುಡಿಯಿಂದ ಮರೆಮಾಡಿದ್ದರು. ಆಕಾಶದಿಂದ ಜೀವ ಬಂದಿತೆಂದು ನಂಬಿಸುವ ಉದ್ದೇಶವಿತ್ತೋ, ಕೇವಲ ಕುಚೇಷ್ಟೆಯೋ ತಿಳಿಯದು. ಗಾಜಿನ ಜಾಡಿಯಲ್ಲಿ ಭದ್ರವಾಗಿದ್ದ ಆ ಮೋಸ ಒಂದು ಶತಮಾನ ಯಾರ ಕಣ್ಣಿಗೂ ಬೀಳದೆ, 1964ರಲ್ಲಿ ಬಯಲಾಯಿತು.

ಎರಡು ಪ್ರಸಂಗಗಳಲ್ಲಿಯೂ ಮಾದರಿಗೆ ಭೂಮಿಯ ವಸ್ತು ಸೇರಿತ್ತು. ಒಂದೆಡೆ ಅದನ್ನು ಮುಚ್ಚಿಡಲಾಯಿತು. ಇನ್ನೊಂದೆಡೆ ತಾವಾಗಿಯೇ ಹುಡುಕಿ ಹೊರಗಿಡಲಾಯಿತು. ಬಯಸಿದ ಫಲ ಕೈಗೆಟುಕಿದಾಗಲೇ ಅದನ್ನು ಹೆಚ್ಚು ಶಂಕಿಸಬೇಕಾದುದು ಸತ್ಯನಿಷ್ಠೆಯ ಕಠಿಣ ವ್ರತ. ವ್ಯಾಪಾರದ ಲೆಕ್ಕದಲ್ಲಾಗಲಿ, ನೆರೆಯವನ ಮೇಲಿನ ಆರೋಪದಲ್ಲಾಗಲಿ, ಮನಸ್ಸು ತನಗೆ ಪ್ರಿಯವಾದ ತೀರ್ಮಾನಕ್ಕೆ ಬೇಗ ಒಪ್ಪಿಬಿಡುತ್ತದೆ.

ಅಮೈನೋ ಆಮ್ಲವು ಜೀವವಲ್ಲ. ಅದರಿಂದ ಮೊದಲ ಜೀವಕೋಶದವರೆಗಿನ ದಾರಿ ಇನ್ನೂ ಕತ್ತಲಲ್ಲಿದೆ. ಧೂಮಕೇತುಗಳು ಜೀವಕ್ಕೆ ನೆರವಾಗಿರಬಹುದು ಎಂಬಷ್ಟನ್ನೇ ವಿಜ್ಞಾನಿಗಳು ಇಂದು ಹೇಳುತ್ತಾರೆ. ಆ ‘ಬಹುದು’ ಎಂಬ ಪದವನ್ನು ಕೈಬಿಡದಿರುವುದರಲ್ಲಿಯೇ ಅವರ ಮಾತಿನ ಬೆಲೆ ಇದೆ.