ಮರದ ಬುಡಕ್ಕೊಂದು ಹೊದಿಕೆ

ಹಿತ್ತಿಲಿನ ಹಣ್ಣಿನ ಮರಗಳ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ನಮಗೆ ಆಶೆಯಿದ್ದಿತು. ನಾವು ಕೃಷಿಶಾಸ್ತ್ರವನ್ನು ಓದಿದವರಲ್ಲ. ಲೆಕ್ಕಪತ್ರಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದು, ನಿವೃತ್ತರಾದ ಮೇಲೆ ಗುದ್ದಲಿಯನ್ನು ಹಿಡಿದವರು. ಆದರೂ ನಾವು ಮಾಡಿದ ತಪ್ಪು ಮತ್ತೊಂದು ಮನೆಯಲ್ಲಿ ನಡೆಯದಿರಲೆಂಬ ಉದ್ದೇಶದಿಂದ ಈ ಸಂಗತಿಯನ್ನು ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ಮನೆಯು ಬೆಂಗಳೂರಿನ ಹೊರವಲಯದಲ್ಲಿದೆ. ಹಿಂದುಗಡೆಯ ನಿವೇಶನದಲ್ಲಿ ಒಂದು ಬಾದಾಮಿ ಮಾವು, ಒಂದು ಸಪೋಟ, ಎರಡು ಸೀಬೆ, ಒಂದು ದಾಳಿಂಬೆ, ಒಂದು ನಿಂಬೆ, ಇಷ್ಟೇ ನಮ್ಮ ತೋಟ. ಇವುಗಳಲ್ಲಿ ನಿಂಬೆಯು ಬೇರೆ ಮರಗಳಂತಲ್ಲ. 2004ರಲ್ಲಿ ನಾವು ಮನೆ ಕಟ್ಟಿಸಿದಾಗ ನಮ್ಮ ತಂದೆಯವರು ಅದರ ಸಸಿಯನ್ನು ಎಣ್ಣೆಡಬ್ಬಿಯಲ್ಲಿ ನೆಟ್ಟು, ಶಿರಸಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಮರುವರ್ಷವೇ ಅವರು ತೀರಿಕೊಂಡರು. ಅಂದಿನಿಂದ ನಮ್ಮ ತಾಯಿಯವರು ಪ್ರತಿ ವರ್ಷವೂ ಆ ಮರದ ಕಾಯಿಗಳಿಂದಲೇ ಎರಡು ಭರಣಿ ಉಪ್ಪಿನಕಾಯಿಯನ್ನು ಹಾಕುತ್ತ ಬಂದಿದ್ದರು.

2023ರಲ್ಲಿ ಮಳೆಯು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವು ಸಾರಿತು. ಮುಂದಿನ ಫೆಬ್ರುವರಿಯಲ್ಲಿ ನಮ್ಮ ಕೊಳವೆಬಾವಿಯು ಬತ್ತಿತು. 2024ರ ಮಾರ್ಚಿಯಲ್ಲಿ ನಗರದ ಜಲಮಂಡಲಿಯು, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಕೂಡದೆಂದೂ ಮೀರಿದವರಿಗೆ 5000 ರೂಪಾಯಿ ದಂಡವೆಂದೂ ಆಜ್ಞೆ ಹೊರಡಿಸಿತು. ಮನುಷ್ಯರಿಗೇ ನೀರಿಲ್ಲದಾಗ ಈ ನಿಯಮವು ನ್ಯಾಯವಾದುದೇ. ಆದರೆ ಮಾವಿನ ಮಿಡಿಗಳು ದಿನವೂ ಉದುರುತ್ತಿದ್ದುದನ್ನು ನೋಡಿಕೊಂಡು ಸುಮ್ಮನಿರುವುದೂ ನಮ್ಮಿಂದಾಗಲಿಲ್ಲ.

ಅದೇ ಸಮಯಕ್ಕೆ ಎರಡು ಮನೆಗಳಾಚೆ ಒಂದು ನಿವೇಶನದಲ್ಲಿ ಕಟ್ಟಡಕ್ಕಾಗಿ ಮರಗಳನ್ನು ಕಡಿದು, ಕೊಂಬೆಗಳನ್ನು ಯಂತ್ರಕ್ಕೆ ಕೊಟ್ಟು ಚಕ್ಕೆ ಮಾಡುತ್ತಿದ್ದರು. ಹಸಿ ತೊಗಟೆ, ಎಲೆ, ಕಟ್ಟಿಗೆ ಎಲ್ಲವೂ ಕೂಡಿದ ಆ ಚಕ್ಕೆಯನ್ನು ಒಯ್ಯುವವರಿಲ್ಲದೆ ರಾಶಿ ಹಾಕಿದ್ದರು. ಕೇಳಿದೊಡನೆ ಒಂದು ಟ್ರ್ಯಾಕ್ಟರು ತುಂಬ ನಮ್ಮ ಬಾಗಿಲಿಗೆ ತಂದು ಸುರಿದರು. ಮಣ್ಣಿಗೆ ಹೊದಿಕೆ ಹಾಕಿದರೆ ಬಿಸಿಲು ನೇರವಾಗಿ ನೆಲಕ್ಕೆ ತಾಗದೆ ತೇವವು ಆರದೆ ಉಳಿಯುವುದೆಂದೂ, ಕಳೆಯು ಏಳದೆಂದೂ ನಾವು ಓದಿದ್ದೆವು. ಮನೆಯವರೆಲ್ಲ ಸೇರಿ ಬುಟ್ಟಿಯಲ್ಲಿ ಹೊತ್ತು, ಒಂದೇ ದಿನದಲ್ಲಿ ಪ್ರತಿ ಮರದ ನೆರಳು ಬೀಳುವಷ್ಟು ನೆಲಕ್ಕೂ ನಾಲ್ಕು ಅಂಗುಲ ದಪ್ಪವಾಗಿ ಹರಡಿದೆವು.

ಮೊದಲನೆಯ ತಪ್ಪು ಅಲ್ಲಿಯೇ ಆಯಿತು. ಹತ್ತು ದಿನಗಳ ಮೇಲೆ ಮಾವಿನ ಬುಡದಲ್ಲಿ ಚಕ್ಕೆಯನ್ನು ಸರಿಸಿ ಬೆರಳಿಟ್ಟು ನೋಡಿದರೆ, ಮಣ್ಣು ಒಲೆಯ ಬೂದಿಯಂತೆ ಒಣಗಿದ್ದಿತು. ಹೊದಿಕೆಯು ಇದ್ದ ತೇವವನ್ನು ಕಾಯುವುದೇ ಹೊರತು ಇಲ್ಲದ ತೇವವನ್ನು ಹುಟ್ಟಿಸುವುದಿಲ್ಲ. ಒಣ ನೆಲದ ಮೇಲೆ ಹಾಸಿದ ಚಕ್ಕೆಯು, ಮೇಲಿನಿಂದ ಹನಿಸಿದ ಅಲ್ಪ ನೀರನ್ನು ತಾನೇ ಕುಡಿದು ಬಿಡುತ್ತದೆ. ಆದುದರಿಂದ ಅದನ್ನೆಲ್ಲ ಪಕ್ಕಕ್ಕೆ ಎಳೆದು, ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಬಟ್ಟೆಯನ್ನು ಕೊನೆಗೆ ಜಾಲಿಸಿದ ನೀರು ಇವನ್ನು ಕೂಡಿಸಿಟ್ಟು, ಮೂರು ಸಂಜೆ ನೆಲವನ್ನು ಚೆನ್ನಾಗಿ ನೆನೆಸಿ, ಮತ್ತೆ ಮುಚ್ಚಿದೆವು. ಆಮೇಲೆ ಐದು ದಿನಕ್ಕೊಮ್ಮೆ ಎರಡು ಕೊಡ ನೀರು ಹಾಕಿದರೂ ಕೆಳಗಿನ ಮಣ್ಣು ಕೈಗೆ ತಂಪಾಗಿಯೇ ಇರುತ್ತಿದ್ದಿತು. ಮಿಡಿ ಉದುರುವುದೂ ಕಡಿಮೆಯಾಯಿತು.

ಎರಡನೆಯ ತಪ್ಪು ದಾಳಿಂಬೆಗೆ ಸಂಬಂಧಪಟ್ಟುದು. ಬೇಗ ಗೊಬ್ಬರವಾಗಲೆಂದು ಅದರ ಪಾತಿಯಲ್ಲಿ ಚಕ್ಕೆಯನ್ನು ಅಗೆದು ಮಣ್ಣಿನೊಳಕ್ಕೆ ಬೆರೆಸಿದೆವು. ಒಂದು ತಿಂಗಳಲ್ಲಿ ಎಲೆಗಳು ಹಳದಿಗೆ ತಿರುಗಿದವು. ಕಾರಣವು ಸರಳವಾದುದು. ಕಟ್ಟಿಗೆಯನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಸಾರಜನಕವು ಬೇಕು. ಕಟ್ಟಿಗೆಯಲ್ಲಿ ಅದು ಅತ್ಯಲ್ಪ. ಆದುದರಿಂದ ಅವು ಬೇರಿನ ಪಾಲನ್ನೇ ಎಳೆದುಕೊಳ್ಳುತ್ತವೆ. ಮೇಲೆ ಹಾಸಿದ ಚಕ್ಕೆಯಿಂದ ಈ ತೊಂದರೆಯು ನೆಲದ ಮೇಲ್ಪದರಿಗಷ್ಟೇ ಸೀಮಿತವಾಗಿ, ಆಳದ ಬೇರಿಗೆ ತಾಕುವುದಿಲ್ಲ. ಕಡಲೆಕಾಯಿ ಹಿಂಡಿಯನ್ನು ನೆನೆಸಿ, ಸಗಣಿಯ ನೀರಿನೊಡನೆ ಎರಡು ಸಲ ಕೊಟ್ಟ ಮೇಲೆ ಗಿಡವು ಚೇತರಿಸಿಕೊಂಡಿತು.

ಮೂರನೆಯದು ತಪ್ಪಲ್ಲ, ಅಪರಾಧವೆಂದೇ ಹೇಳಬೇಕು. ನಿಂಬೆಯ ಮೇಲಿನ ಮಮತೆಯಿಂದ, ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಚಕ್ಕೆಯನ್ನು ಹಾಕಿ, ಕಾಂಡದ ಸುತ್ತ ಮೊಳಕಾಲೆತ್ತರ ಗುಡ್ಡೆ ಮಾಡಿದೆವು. ಜಗಲಿಯಲ್ಲಿ ಕುಳಿತು ನೋಡುತ್ತಿದ್ದ ನಮ್ಮ ತಾಯಿಯವರು, “ತಮ್ಮಾ, ಬುಡ ಮುಚ್ಚಬೇಡ. ಅಲ್ಲಿ ಗಾಳಿ ಆಡಬೇಕು,” ಎಂದರು. ಅವರು ಹುಟ್ಟಿ ಬೆಳೆದುದು ಅಡಕೆಯ ತೋಟಗಳ ನಡುವೆ. ಆ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯಿದೆ. ಬೆಟ್ಟದ ಸೊಪ್ಪು, ದರಗುಗಳನ್ನು ತಂದು ಹಾಸುವುದು ಅಲ್ಲಿನವರಿಗೆ ತಲೆತಲಾಂತರದ ಕೆಲಸ. ಇಷ್ಟನ್ನು ಬಲ್ಲ ನಾವು, “ಆಯೀ, ಅದು ಮಳೆಯ ಸೀಮೆ. ಇಲ್ಲಿ ನೀರು ಉಳಿದರೆ ಸಾಕಾಗಿದೆ,” ಎಂದು ನಕ್ಕುಬಿಟ್ಟೆವು. ಅವರು ಮತ್ತೆ ಮಾತನಾಡಲಿಲ್ಲ.

ಬೇಸಗೆಯು ಕಳೆಯಿತು. ಜೂನ್ 2ರಂದು ಒಂದೇ ದಿನ ಬೆಂಗಳೂರಿನಲ್ಲಿ 111 ಮಿಲಿಮೀಟರು ಮಳೆ ಸುರಿಯಿತು. ಊರೆಲ್ಲ ಹರ್ಷಿಸಿತು, ನಾವೂ ಹರ್ಷಿಸಿದೆವು. ಚಕ್ಕೆಯನ್ನು ಸರಿಸಬೇಕೆಂಬುದು ನೆನಪಾಗಲೇ ಇಲ್ಲ. ಆಗಸ್ಟಿನಲ್ಲಿ ನಿಂಬೆಯ ಒಂದು ಪಕ್ಕದ ಎಲೆಗಳು ಬಾಡಿದವು. ಗುಡ್ಡೆಯನ್ನು ತೆಗೆದು ನೋಡಿದರೆ ತೊಗಟೆಯು ಮೆತ್ತಗಾಗಿ ಕಪ್ಪಾಗಿ, ಅಂಟು ಸೋರುತ್ತಿದ್ದಿತು. ನಿಂಬೆಯ ಜಾತಿಗೆ ಬುಡದಲ್ಲಿ ಸದಾ ತೇವ ನಿಂತರೆ ಮಣ್ಣಿನಲ್ಲಿರುವ ಒಂದು ಬಗೆಯ ಬೂಷ್ಟು ತೊಗಟೆಯನ್ನು ಹೊಕ್ಕು ಕೊಳೆಯಿಸುತ್ತದೆ.

ಅಂದು ಸಂಜೆ ತಾಯಿಯವರಿಗೆ ತಿಳಿಸಲು ನಮಗೆ ಧೈರ್ಯವಾಗಲಿಲ್ಲ. ಅವರೇ ಕೋಲೂರಿಕೊಂಡು ಬಂದು, ಬುಡವನ್ನು ಮುಟ್ಟಿ ನೋಡಿ, “ಮೈಲುತುತ್ತು, ಸುಣ್ಣ ತಂದುಕೊ,” ಎಂದಷ್ಟೇ ಹೇಳಿದರು. ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣದ ಸಾಮಗ್ರಿ ಇದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿನಲ್ಲಿ ಕೊಳೆರೋಗವನ್ನು ಅಭ್ಯಾಸಮಾಡಿ ಅದನ್ನು ಬಳಕೆಗೆ ತಂದರು. ಕೊಳೆತ ತೊಗಟೆಯನ್ನು ಗಟ್ಟಿ ಭಾಗದವರೆಗೆ ಕೆತ್ತಿ, 100 ಗ್ರಾಮು ಮೈಲುತುತ್ತು ಮತ್ತು 100 ಗ್ರಾಮು ಸುಣ್ಣವನ್ನು ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆಬೇರೆ ಕರಗಿಸಿ, ಒಟ್ಟು ಒಂದು ಲೀಟರು ಆಗುವಂತೆ ಕೂಡಿಸಿ, ಆ ಸರಿಯನ್ನು ಬಳಿದೆವು. ಆದರೂ ಅರ್ಧ ಮರವು ಒಣಗಿತು. ಅದನ್ನು ಗರಗಸದಿಂದ ನಾವೇ ಕೊಯ್ಯಬೇಕಾಯಿತು. ಉಳಿದರ್ಧವು ಬದುಕಿಕೊಂಡಿದೆ.

ಇಷ್ಟಾದರೂ ಹೊದಿಕೆಯನ್ನು ನಾವು ಬಿಟ್ಟಿಲ್ಲ. ಮಾವಿನ ಬುಡದಲ್ಲಿ ಹಳೆಯ ಚಕ್ಕೆಯು ಕೆಳಗಿನಿಂದ ಕರಗಿ, ಕೈಯಲ್ಲಿ ಹಿಡಿದರೆ ಕಾಡಿನ ಮಣ್ಣಿನ ವಾಸನೆ ಬರುತ್ತದೆ, ಎರೆಹುಳುಗಳು ಬಂದಿವೆ. ಹೊಸದಾಗಿ ಮಾಡುವವರು ಇಷ್ಟನ್ನು ಮರೆಯತಕ್ಕದ್ದಲ್ಲ. ಮೊದಲು ಕಳೆ ಕಿತ್ತು ನೆಲವನ್ನು ನೆನೆಸಿ, ಆಮೇಲೆ ಹಾಸಬೇಕು. ಮಳೆಗಾಲದ ಕೊನೆಯು ಇದಕ್ಕೆ ಬಹಳ ಒಳ್ಳೆಯ ಸಮಯ. ದಪ್ಪವು ಮೂರು ನಾಲ್ಕು ಅಂಗುಲವಿದ್ದರೆ ಸಾಕು. ಬಣ್ಣ ಬಳಿದ ಹಲಗೆಯ ಅಥವಾ ಪ್ಲೈವುಡ್ಡಿನ ಚೂರುಗಳನ್ನು ಬಳಸಬಾರದು. ನುಣ್ಣನೆಯ ಗರಗಸದ ಹೊಟ್ಟು ಹೆಪ್ಪುಗಟ್ಟಿ ನೀರನ್ನು ತಡೆಯುವುದರಿಂದ ಅದೊಂದನ್ನೇ ಹಾಕಬಾರದು. ಕೆಂಪು ಮಣ್ಣಿನ ಸೀಮೆಯಲ್ಲಿ ಗೆದ್ದಲು ಬರುವುದುಂಟು. ಕಾಂಡದ ಮೇಲೆ ಮಣ್ಣಿನ ಗೆರೆಯೇನಾದರೂ ಎದ್ದಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಕಾಂಡದ ಸುತ್ತಲೂ ಬರಿಯ ನೆಲವನ್ನು ಬಿಡಬೇಕು.

ಕಳೆದ ವರ್ಷ ಉಪ್ಪಿನಕಾಯಿ ಒಂದೇ ಭರಣಿಯಾಯಿತು. ತಾಯಿಯವರು ಅದರ ಮಾತೆತ್ತಲಿಲ್ಲ. ಹೆಚ್ಚಿದ ಕಾಯಿಗಳ ಬೀಜಗಳನ್ನು ತೊಳೆದು, ಒಂದು ಹಳೆಯ ಎಣ್ಣೆಡಬ್ಬಿಯಲ್ಲಿ ಊರಿದರು. ಈಚೆಗೆ ಅದರಲ್ಲೊಂದು ಸಸಿಯನ್ನು ಹಿತ್ತಿಲಿನಲ್ಲಿ ನೆಟ್ಟೆವು. ಚಕ್ಕೆಯ ಬುಟ್ಟಿಯನ್ನು ಹಿಡಿದು, “ಆಯೀ, ಎಲ್ಲಿಯವರೆಗೆ ಹಾಕಲಿ?” ಎಂದು ಕೇಳಿದೆವು. ಅವರು ಕಷ್ಟದಿಂದ ಬಗ್ಗಿ, ಸಸಿಯ ಬುಡಕ್ಕೆ ಹೆಬ್ಬೆರಳನ್ನು ಊರಿ, ಕಿರುಬೆರಳು ಚಾಚಿದಲ್ಲಿ ನೆಲದ ಮೇಲೆ ಗೆರೆಯೆಳೆದರು. ಒಂದು ಗೇಣು. ಆ ಗೆರೆಯನ್ನು ನಾವು ದಾಟಲಿಲ್ಲ.