ಎರಡು ನಿಮಿಷದ ಊರು

ಕೃಷ್ಣಗಿರಿಯ ಕಡೆಗೆ ಇಳಿಜಾರು ಶುರುವಾಗುತ್ತಿದ್ದಂತೆ ಮಾವ ಟಾಟಾ ಏಸ್‌ನ ಕಿಟಕಿ ಇಳಿಸಿದರು. "ಗಾಳಿ ಬದಲಾಯ್ತು ಕಣ್ಲಾ. ಇನ್ ಮೇಲೆ ಬೆವರೇ" ಎಂದರು. ಹಿಂದೆ ನಾಲ್ಕು ಕಡೆ ಬೆಲ್ಟ್ ಬಿಗಿದು ನಿಲ್ಲಿಸಿದ್ದ ನನ್ನ 160 ಸಿಸಿ ಬೈಕು ಹೆಡ್‌ಲೈಟು, ಇಂಡಿಕೇಟರು, ಕನ್ನಡಿ ಏನೂ ಇಲ್ಲದೆ, ಜಾತ್ರೆಗೆ ಮುಂಚೆ ಮೈ ತೊಳೆಸಿಕೊಂಡ ಹೋರಿಯ ಹಾಗೆ ನಿಂತಿತ್ತು. ಪಕ್ಕದಲ್ಲಿ ಟೂಲ್ ಬಾಕ್ಸು, ಎರಡು ಹಳೆಯ ಟೈರು, ಅಜ್ಜಿ ಕಟ್ಟಿಕೊಟ್ಟ ಪುಳಿಯೋಗರೆಯ ಡಬ್ಬಿ. ಮೈಸೂರಿನಿಂದ ಗುರುವಾರ ರಾತ್ರಿ ಎಂಟಕ್ಕೆ ಹೊರಟವರು ನಾವು. ನಾನೂರೈವತ್ತು ಕಿಲೋಮೀಟರ್ ಹೋಗಿ ಸೇರಬೇಕಿದ್ದ ಜಾಗದ ಒಟ್ಟು ಉದ್ದ 3.717 ಕಿಲೋಮೀಟರ್. ಅದನ್ನು ಸುತ್ತಿ ಬರಲು ಬೈಕಿಗೆ ಎರಡು ನಿಮಿಷ ಚಿಲ್ಲರೆ ಸಾಕು. ಅಷ್ಟು ಪುಟ್ಟ ಜಾಗವನ್ನು ನೋಡಿ ಮುಗಿಸಲು ಆಗುವುದಿಲ್ಲ ಎಂದು ಆ ಮೂರು ದಿನಗಳಲ್ಲಿ ನನಗೆ ಗೊತ್ತಾಯಿತು.

ಮಾವ ಎಂದರೆ ನನ್ನ ತಾಯಿಯ ತಮ್ಮ. ಮೈಸೂರು ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಜಾವಾ, ಆಮೇಲೆ ಯೆಜ್ಡಿ, ಈ ಎರಡು ಹೆಸರಿನ ಬೈಕುಗಳು ದೇಶದ ರಸ್ತೆಗಳಿಗೆಲ್ಲ ಹೋದದ್ದು ಅಲ್ಲಿಂದ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮಾವ ಸ್ವಂತ ಗ್ಯಾರೇಜು ತೆರೆದರು. 1988ರಲ್ಲಿ, ಇಪ್ಪತ್ತೊಂದರ ಹುಡುಗನಾಗಿದ್ದಾಗ, ಸ್ನೇಹಿತರ ಜೊತೆ ರೈಲಿನಲ್ಲಿ ಮದ್ರಾಸಿಗೆ ಹೋಗಿ ಶೋಳಾವರಂ ರೇಸು ನೋಡಿ ಬಂದಿದ್ದರು. ಆ ಕಥೆ ಕೇಳಿಯೇ ನಾನು ದೊಡ್ಡವನಾದದ್ದು. ಮದ್ರಾಸಿನ ಉತ್ತರಕ್ಕೆ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿ. ವರ್ಷದಲ್ಲಿ ಕೆಲವು ದಿನ ಅದೇ ರೇಸಿನ ಅಂಗಳ. ಸುತ್ತ ಸಾವಿರಾರು ಜನ. "ನಮ್ ಕೈಯಲ್ಲಿ ಬೋಲ್ಟ್ ಬಿಗಿದಿದ್ ಗಾಡಿ ಅಲ್ಲಿ ಹೋಗ್ತಿತ್ತು. ಶಬ್ದದಲ್ಲೇ ಗುರ್ತು ಹಿಡಿದೆ" ಎಂದು ಹೇಳುವಾಗ ಅವರ ದನಿ ಈಗಲೂ ತಗ್ಗುತ್ತದೆ.

ಶುಕ್ರವಾರ ಬೆಳಕು ಹರಿಯುವಷ್ಟರಲ್ಲಿ ಶ್ರೀಪೆರಂಬುದೂರು ಸೇರಿದೆವು. ಟ್ರ್ಯಾಕಿಗೆ ಹೋಗುವ ಮುಂಚೆ ಆದಿಕೇಶವ ಪೆರುಮಾಳ್ ಗುಡಿಗೆ ಹೋಗಲೇಬೇಕು ಎಂದು ಅಜ್ಜಿಯ ಅಪ್ಪಣೆ. ನಮ್ಮದು ಮೇಲುಕೋಟೆಯ ಬೆಟ್ಟದ ಕೆಳಗಿನ ಹಳ್ಳಿ. ಅಲ್ಲಿನ ವೈರಮುಡಿ ಉತ್ಸವ ತಪ್ಪಿಸದ ಅಜ್ಜಿಗೆ ಶ್ರೀಪೆರಂಬುದೂರು ಎಂದರೆ ರೇಸಿನ ಊರಲ್ಲ, ರಾಮಾನುಜಾಚಾರ್ಯರು ಹುಟ್ಟಿದ ಊರು. ಅವರು ಇಲ್ಲಿ ಹುಟ್ಟಿ, ಶ್ರೀರಂಗದಿಂದ ಹೊಯ್ಸಳರ ಸೀಮೆಗೆ ಬಂದು, ನಮ್ಮ ಬೆಟ್ಟದಲ್ಲಿ ನೆಲೆಸಿದ್ದರು. ಮೋಟಾರಿಲ್ಲದ ಕಾಲದಲ್ಲಿ ಅಷ್ಟು ದೂರ ನಡೆದ ಕಾಲುಗಳನ್ನು ನೆನೆದು ಗರ್ಭಗುಡಿಯ ಎದುರು ನನಗೆ ಮೈ ಜುಮ್ಮೆಂದಿತು. ತುಳಸಿ ತೀರ್ಥ ತೆಗೆದುಕೊಂಡು, ಅಜ್ಜಿಗೆಂದು ಪ್ರಸಾದ ಕಟ್ಟಿಸಿಕೊಂಡು ಹೊರಟೆವು.

ರೇಸ್ ಟ್ರ್ಯಾಕ್ ಇರುವ ಇರುಂಗಾಟ್ಟುಕೋಟೆ ಅಲ್ಲಿಂದ ಹತ್ತಿರ. ಬೆಂಗಳೂರು–ಚೆನ್ನೈ ಹೆದ್ದಾರಿಯ ಪಕ್ಕ ಕಾರ್ಖಾನೆಗಳ ಸಾಲು. ಹೊರಗಿನಿಂದ ನೋಡಿದರೆ ಇದೂ ಒಂದು ಕಾರ್ಖಾನೆಯ ಗೇಟೇ ಇರಬೇಕು ಅನಿಸುತ್ತದೆ. ಒಳಗೆ ಹೋಗಿ, ರೇಸಿನ ತಂಡಗಳು ತಂಗುವ ಪ್ಯಾಡಕ್ಕಿನಲ್ಲಿ ಗಾಡಿ ನಿಲ್ಲಿಸಿ ಇಳಿದೆ. ಪಿಟ್ ಗೋಡೆಯ ಆಚೆ ಕಪ್ಪು ದಾರಿಯೊಂದು ಬಲಕ್ಕೆ ಬಾಗುತ್ತಾ ಹುಲ್ಲಿನ ನಡುವೆ ಎಲ್ಲೋ ಹೋಗಿಬಿಟ್ಟಿತ್ತು. ಎದುರು ಬರುವ ಲಾರಿ ಇಲ್ಲ, ಹಂಪಿಲ್ಲ, ಅಡ್ಡ ಬರುವ ದನವಿಲ್ಲ. ಇದು ಯಾವ ಊರಿಗೂ ಹೋಗದ ರಸ್ತೆ. ತನಗೆ ತಾನೇ ಊರು. ಹುಲ್ಲಿನಲ್ಲಿ ಏಳೆಂಟು ಬೆಳ್ಳಕ್ಕಿಗಳು ನಿಶ್ಚಿಂತೆಯಾಗಿ ಮೇಯುತ್ತಿದ್ದವು. ನಾನು ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ.

ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಲ್ಲಿ ಹುಟ್ಟಿದ್ದು. ಶೋಳಾವರದ ಓಡುದಾರಿಯಲ್ಲಿ ರೇಸು ನಡೆಸುತ್ತಿದ್ದ ಆ ಕ್ಲಬ್ಬೇ ರೇಸಿಗೆಂದು ಸ್ವಂತ ನೆಲ ಮಾಡಿಕೊಂಡು 1990ರಲ್ಲಿ ಈ ಟ್ರ್ಯಾಕ್ ತೆರೆಯಿತು. ಮೋಟಾರಿನ ಹುಚ್ಚು ಹಿಡಿದ ಕೆಲವರು ಸೇರಿ ಕಟ್ಟಿದ ಇಂಥ ಜಾಗ ಇರದಿದ್ದರೆ ನನ್ನಂಥ, ಔಷಧಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು ರೇಸಿನ ಗ್ರಿಡ್ಡಿನಲ್ಲಿ ನಿಲ್ಲುವುದು ಕನಸಿನ ಮಾತು. ಇಲ್ಲಿ ಹನ್ನೆರಡು ತಿರುವುಗಳಿವೆ. ಅವಕ್ಕೆ ಹೆಸರಿಡುವ ಬದಲು ಸಿ1, ಸಿ2 ಎಂದು ಎಣಿಸುತ್ತಾರೆ. ದೇಶದ ಯಾವ ಮೂಲೆಯಿಂದ ಬಂದ ರೇಸರ್ ಆದರೂ "ಸಿ1" ಎಂದರೆ ಸಾಕು, ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸುತ್ತಾರೆ.

ಮೊದಲು ಸ್ಕ್ರೂಟಿನಿ. ಅಧಿಕಾರಿ ಬೈಕಿನ ಮುಂದೆ ಮಂಡಿಯೂರಿ ಬೆರಳಿನಲ್ಲೇ ಎಲ್ಲ ಓದಿದರು. ಬ್ರೇಕ್ ಪ್ಯಾಡು, ಚೈನಿನ ಸಡಿಲ, ಆಕ್ಸಿಲರೇಟರ್ ಬಿಟ್ಟರೆ ತಾನೇ ಹಿಂದಿರುಗುತ್ತದೆಯೇ, ಬಿದ್ದಾಗ ಎಂಜಿನ್ ನಿಲ್ಲಿಸುವ ಸ್ವಿಚ್ಚು ಕೆಲಸ ಮಾಡುತ್ತದೆಯೇ. ಆಮೇಲೆ ಟಾರ್ಚ್ ಹಿಡಿದು ಎಂಜಿನ್ನಿನ ತಳ ನೋಡಿದರು. ಆಯಿಲ್ ಬೋಲ್ಟಿನ ತಲೆಗೆ ಮಾವ ಮನೆಯಲ್ಲೇ ಸಣ್ಣ ತೂತು ಕೊರೆದು ತಂತಿ ಪೋಣಿಸಿದ್ದರು. ಸ್ಟೀಲಿನ ತಂತಿ ಎರಡೆಳೆಯಾಗಿ ಹೊರಟು, ಜಡೆಯ ಹಾಗೆ ಹೊಸೆದುಕೊಂಡು, ಇನ್ನೊಂದು ಕೊಂಡಿಗೆ ಹೋಗಿ ಬಿಗಿದಿತ್ತು. ಬೋಲ್ಟು ಸಡಿಲವಾಗುವ ಕಡೆಗೆ ತಿರುಗಿದರೆ ತಂತಿ ಅದನ್ನು ಬಿಗಿಯುವ ಕಡೆಗೇ ಎಳೆಯಬೇಕು, ಕಟ್ಟುವ ಕ್ರಮ ಅದು. ಒಂದು ಬೋಲ್ಟು ಬಿಚ್ಚಿ ಎಣ್ಣೆ ಟ್ರ್ಯಾಕಿಗೆ ಸುರಿದರೆ ಹಿಂದೆ ಬರುವವರ ಜೀವದ ಪ್ರಶ್ನೆ. ಒಂದು ಗೇಣೂ ಇಲ್ಲದ ಆ ತಂತಿ ನಾನು ಗುರುತೂ ಕಾಣದ ಇಪ್ಪತ್ತು ಜನರಿಗಾಗಿ ಕಟ್ಟಿದ್ದು. ಅಧಿಕಾರಿ ಅದನ್ನು ಉಗುರಿನಿಂದ ಮೀಟಿ ನೋಡಿ, ಮಾವನ ಕಡೆ ತಿರುಗಿ, "ನಲ್ಲಾ ಇರುಕ್ಕು" (ಚೆನ್ನಾಗಿದೆ) ಎಂದರು. ಮಾವ ಕೈ ಒರೆಸಿಕೊಳ್ಳುವ ನೆಪದಲ್ಲಿ ಆಚೆ ತಿರುಗಿದರು.

ಅಭ್ಯಾಸದ ಮೊದಲ ಸುತ್ತಿನಲ್ಲಿ ನನಗೆ ಏನೂ ಕಾಣಲಿಲ್ಲ. ತಿರುವು ಬಂತು, ಹೋಯಿತು, ಅಷ್ಟೆ. ನಾಲ್ಕನೆಯ ಸುತ್ತಿನಿಂದ ಊರು ಒಂದೊಂದಾಗಿ ಬಾಗಿಲು ತೆರೆಯಿತು. ಮೊದಲು ಬ್ರೇಕ್ ಹಿಡಿಯುವ ಜಾಗ ಹೇಳುವ ಫಲಕಗಳು ಕಂಡವು. ಆಮೇಲೆ ಮುಗಿಯಿತು ಎಂದುಕೊಂಡಾಗಲೂ ಬಾಗುತ್ತಲೇ ಇರುವ ಉದ್ದನೆಯ ಸಿ2. ಆಮೇಲೆ ತಿರುವುಗಳ ಒಳ ಅಂಚಿನಲ್ಲಿ ನೂರಾರು ಟೈರುಗಳು ಬಳಿದು ಹೋದ ಕಪ್ಪು ಗೆರೆ. ಹೊಲದಲ್ಲಿ ಜನ ನಡೆದೂ ನಡೆದೂ ಬಿದ್ದ ಕಾಲುದಾರಿಯಂತೆ ಅದು. ಆ ಗೆರೆಯನ್ನು ಬಿಟ್ಟು ಒಂದು ಮಾರು ಆಚೆ ಹೋದರೆ ಸವೆದ ರಬ್ಬರಿನ ಹುಡಿ, ಮರಳು. ಅಲ್ಲಿ ಹಿಡಿತವಿಲ್ಲ.

ಸಿ1 ಮಾತ್ರ ಬೇರೆಯೇ. ನೇರದಾರಿಯ ಕೊನೆಗೆ, ಗಂಟೆಗೆ 130ರ ಹತ್ತಿರ ಓಡುತ್ತಿರುವಾಗ, ಬಲಕ್ಕೆ ಬಾಗುವ ತಿರುವು. ಆ ವೇಗದಲ್ಲಿ ಒಂದು ಸೆಕೆಂಡಿಗೆ 36 ಮೀಟರ್ ಕಳೆದುಹೋಗುತ್ತದೆ. ನಮ್ಮ ಪುಟ್ಟ ಬೈಕುಗಳಿಗೆ ಅಲ್ಲಿ ಬ್ರೇಕಿನ ಅಗತ್ಯವಿಲ್ಲ, ಆಕ್ಸಿಲರೇಟರ್ ಬಿಡಬೇಡ ಎಂದು ಅನುಭವಸ್ಥರೆಲ್ಲ ಹೇಳಿದ್ದರು. ಮನಸ್ಸು ಒಪ್ಪಿದರೂ ಮಣಿಕಟ್ಟು ಒಪ್ಪುವುದಿಲ್ಲ. ಬಲಕ್ಕೆ ಹೋಗಲು ಬಲಗೈಯ ಹ್ಯಾಂಡಲ್ಲನ್ನು ಮುಂದಕ್ಕೆ ಒತ್ತಬೇಕು. ಆಗ ಮುಂದಿನ ಚಕ್ರ ಕ್ಷಣಮಾತ್ರ ಎಡಕ್ಕೆ ಸರಿಯುತ್ತದೆ, ಬೈಕು ಬಲಕ್ಕೆ ವಾಲುತ್ತದೆ. ರಸ್ತೆಯಲ್ಲಿ ಬೈಕು ಓಡಿಸುವ ಎಲ್ಲರೂ ತಿಳಿಯದೆಯೇ ಇದನ್ನು ಮಾಡುತ್ತಾರೆ. ಇಲ್ಲಿ ತಿಳಿದು ಮಾಡಬೇಕು. ಶುಕ್ರವಾರ ಸಂಜೆಯ ಕೊನೆಯ ಅಭ್ಯಾಸದಲ್ಲಿ ಮೊದಲ ಸಲ ಮಣಿಕಟ್ಟು ಸಡಿಲಿಸದೆ ಒತ್ತಿದೆ. ದಿಗಂತ ಓರೆಯಾಯಿತು. ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದು ಬದಲಾಯಿತು. ನೆಲ ನನ್ನ ಬಲ ಮೊಣಕಾಲಿನ ಹತ್ತಿರ ಬಂದು, ಅಲ್ಲಿ ಕಟ್ಟಿದ್ದ ನೀ ಸ್ಲೈಡರ್ "ಸರ್ರ್" ಎಂದು ಸವರಿತು. ಭೂಮಿಯನ್ನು ಅಷ್ಟು ವೇಗದಲ್ಲಿ ಅಷ್ಟು ಮೆಲ್ಲಗೆ ಮುಟ್ಟಲು ಸಾಧ್ಯ ಎಂದು ಮೂವತ್ತಾರು ವರ್ಷ ನನಗೆ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆಯ ಅರ್ಹತಾ ಸುತ್ತಿನಲ್ಲಿ 2 ನಿಮಿಷ 17 ಸೆಕೆಂಡು. ಹೊಸಬರ ವಿಭಾಗದ ಇಪ್ಪತ್ತೆರಡು ಮಂದಿಯಲ್ಲಿ ಹದಿನೇಳನೆಯ ಜಾಗ. ಮಧ್ಯಾಹ್ನ ಆರು ಸುತ್ತಿನ ರೇಸು. ಗ್ರಿಡ್ಡಿನಲ್ಲಿ ಕೆಂಪು ದೀಪ ಆರಿದ್ದೇ ತಡ, ಇಪ್ಪತ್ತೆರಡು ಎಂಜಿನ್ನುಗಳು ಒಟ್ಟಿಗೆ ಕೂಗಿದವು. ಸಣ್ಣ ಬೈಕುಗಳ ರೇಸಿನ ಸೊಗಸೇ ಬೇರೆ. ಇಲ್ಲಿ ಯಾರಿಗೂ ಒಂಟಿಯಾಗಿ ಓಡುವ ಶಕ್ತಿಯಿಲ್ಲ. ಮುಂದಿನವನು ಗಾಳಿ ಸೀಳಿ ಮಾಡಿಕೊಟ್ಟ ಪೊಳ್ಳಿನಲ್ಲಿ ಹಿಂದಿನವನು ನುಗ್ಗುತ್ತಾನೆ, ಕೊನೆಗೆ ಪಕ್ಕಕ್ಕೆ ಸರಿದು ಮುಂದೆ ಹೋಗುತ್ತಾನೆ. ಆಮೇಲೆ ಅವನ ಬೆನ್ನಿಗೆ ಇವನು. ಎದುರಾಳಿಯೇ ನಮ್ಮನ್ನು ಎಳೆದುಕೊಂಡು ಹೋಗುವ ಆಟ ಇನ್ನೊಂದು ಎಲ್ಲಿದೆಯೋ ನನಗೆ ತಿಳಿಯದು. ಐದು ಮಂದಿ ಒಂದು ಮಾಲೆಯಂತೆ ನೇರದಾರಿಯಲ್ಲಿ ಹೋದೆವು. ತಲೆ ಟ್ಯಾಂಕಿಗೆ ಒತ್ತಿಕೊಂಡಿದ್ದ ನನಗೆ ಮುಂದಿನವನ ಬೂಟಿನ ಹಿಮ್ಮಡಿ ಕೈಗೆ ಸಿಗುವಷ್ಟು ಹತ್ತಿರ.

ನಾಲ್ಕನೆಯ ಸುತ್ತಿನ ಸಿ8ರಲ್ಲಿ ಬಿದ್ದೆ. ತಪ್ಪು ನನ್ನದೇ. ಟೈರು ನೆಲ ಮುಟ್ಟುವುದು ಅಂಗೈಯಗಲದಷ್ಟು ಜಾಗದಲ್ಲಿ. ಅಲ್ಲಿರುವ ಹಿಡಿತವನ್ನೇ ಬ್ರೇಕಿಗೂ ತಿರುವಿಗೂ ಹಂಚಬೇಕು. ನಾನು ವಾಲಿದ ಮೇಲೂ ಬ್ರೇಕಿನ ಪಾಲು ಕಡಿಮೆ ಮಾಡಲಿಲ್ಲ. ಮುಂದಿನ ಚಕ್ರ ಕೈಯೊಳಗಿಂದ ಸೋಪಿನ ಹಾಗೆ ಜಾರಿತು. ಆಮೇಲೆ ಬೆನ್ನ ಕೆಳಗೆ ಉಜ್ಜುವ ಬಿಸಿ, ಆಕಾಶ, ಹುಲ್ಲು, ಮೌನ. ಎದ್ದು ಕೂರುವಷ್ಟರಲ್ಲಿ ಹಳದಿ ಬಾವುಟ ಬೀಸುತ್ತಿತ್ತು, ಇಬ್ಬರು ಮಾರ್ಷಲ್‌ಗಳು ಓಡಿ ಬಂದಿದ್ದರು. ಅವರಲ್ಲೊಬ್ಬಳು ಕಾಲೇಜು ಹುಡುಗಿ. ಬೈಕು ಎತ್ತುವ ಮುಂಚೆ ನನ್ನ ಮುಖ ನೋಡಿ, "ಅಣ್ಣಾ, ಪೇರ್ ಎನ್ನ?" ಎಂದು ಕೇಳಿದಳು. ಹೆಸರು ನೆನಪಿದೆಯೇ ಎಂದು ನೋಡುವ ಪರೀಕ್ಷೆ ಅದು. ಬಿಸಿಲಿನಲ್ಲಿ ಬೆಳಗಿನಿಂದ ನಿಂತು, ಬಿದ್ದವರಿಗಾಗಿ ಓಡುವುದನ್ನೇ ವಾರಾಂತ್ಯದ ಕೆಲಸ ಮಾಡಿಕೊಂಡವರು ಇವರು. ಅವರಿಗೆ ನಾನು ಯಾವತ್ತೂ ಋಣಿ.

ವೈದ್ಯರು ಕಣ್ಣಿಗೆ ದೀಪ ಬಿಟ್ಟು, ಕತ್ತು ಒತ್ತಿ, ಭಾನುವಾರ ಓಡಬಹುದು ಎಂದು ಚೀಟಿ ಬರೆದುಕೊಟ್ಟರು. ಬೈಕಿಗೆ ಹಾಗೆ ಹೇಳುವವರಿರಲಿಲ್ಲ. ಬಲಗಡೆಯ ಫುಟ್‌ರೆಸ್ಟ್ ಅರ್ಧ ಸವೆದಿತ್ತು, ಹ್ಯಾಂಡಲ್ ಬಾಗಿತ್ತು, ಬ್ರೇಕ್ ಲಿವರ್ ತುಂಡಾಗಿತ್ತು. ನಮ್ಮ ಹತ್ತಿರ ಇನ್ನೊಂದು ಲಿವರ್ ಇರಲಿಲ್ಲ. ಮಾವ ಪ್ಯಾಡಕ್ಕಿನಲ್ಲಿ ಆ ತುಂಡನ್ನು ಹಿಡಿದು ಸುಮ್ಮನೆ ನಡೆದುಹೋದರು. ಅವರಿಗೆ ಕನ್ನಡ ಬಿಟ್ಟರೆ ಬರುವುದು ಕಾರ್ಖಾನೆಯ ಹಿಂದಿ ಮಾತ್ರ. ಕಾಲು ಗಂಟೆಗೆ ಮರಳಿದಾಗ ಕೈಯಲ್ಲಿ ಲಿವರ್ ಇತ್ತು. ಕೊಟ್ಟವನು ಕೊಲ್ಲಾಪುರದ ಹುಡುಗ, ಆ ಮಾಲೆಯಲ್ಲಿ ನನ್ನ ಮುಂದಿದ್ದವನು. "ದುಡ್ ಕೊಡಕ್ ಹೋದೆ, ಬೈದ" ಎಂದರು ಮಾವ. ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕೆಲಸ. ಹುಡುಗ ತಾನೇ ಬಂದು ಕೂತು, ಹ್ಯಾಂಡಲ್ ನೆಟ್ಟಗಿದೆಯೇ ಎಂದು ಎದುರಿನಿಂದ ಕಣ್ಣು ಕಿರಿದು ಮಾಡಿ ನೋಡಿದ. ಅವನಿಗೆ ಪುಳಿಯೋಗರೆ ಹಾಕಿಕೊಟ್ಟೆವು. ಮೂರು ಸಲ ಬಡಿಸಿಕೊಂಡ.

ಭಾನುವಾರದ ರೇಸು ಒಂದೇ ಉಸಿರಿನಲ್ಲಿ ಮುಗಿಯಿತು. ಹದಿನಾಲ್ಕನೆಯವನಾಗಿ ಚೌಕುಳಿ ಬಾವುಟ ಕಂಡೆ. ಒಂದು ಸುತ್ತಿನಲ್ಲಿ 2 ನಿಮಿಷ 14 ಸೆಕೆಂಡು. ಅಂದರೆ ಸರಾಸರಿ ಗಂಟೆಗೆ ಸುಮಾರು 100 ಕಿಲೋಮೀಟರ್. ಲಿವರ್ ಕೊಟ್ಟವನು ಹದಿಮೂರನೆಯವನು. ಗೆರೆ ದಾಟಿದ ಮೇಲೆ ಅವನು ಪಕ್ಕಕ್ಕೆ ಬಂದು ಎಡಗೈ ಚಾಚಿದ. ಓಡುತ್ತಿರುವ ಬೈಕುಗಳ ಮೇಲೆಯೇ ಕೈ ಕುಲುಕಿದೆವು.

ಸಂಜೆ ಎಲ್ಲ ರೇಸು ಮುಗಿದು, ಗಾಡಿಗೆ ಸಾಮಾನು ತುಂಬಿದ ಮೇಲೆ ಮಾವ, "ವಸಿ ನಡ್ಕೊಂಡ್ ಬರಾನ? ಬುಡ್ತಾರ?" ಎಂದರು. ಕೇಳಿದೆವು, ಬಿಟ್ಟರು. ಮೂರು ದಿನ ಎರಡೆರಡು ನಿಮಿಷಕ್ಕೆ ಸುತ್ತಿದ ದಾರಿಯಲ್ಲಿ ಕಾಲು ಹಾಕಿದೆ. ಸಿ1 ಕಾಲ್ನಡಿಗೆಯಲ್ಲಿ ಎಷ್ಟು ವಿಶಾಲ! ನೂರು ಗಾಡಿ ನಿಲ್ಲುವಷ್ಟು ಬಯಲು. ಬೈಕಿನ ಮೇಲೆ ಅದು ನನಗೆ ಸೂಜಿಯ ಕಣ್ಣಾಗಿತ್ತು. ಮಾವ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡರು. "ಇನ್ನೂ ಬೆಚ್ಚಗದೆ" ಎಂದರು. ಡಾಂಬರಿನ ಮೇಲೆ ಬಗ್ಗಿ ಅಂಗೈಯಿಟ್ಟರು. ಶೋಳಾವರದಲ್ಲಿ ಬೇಲಿಯಾಚೆ ನಿಂತು ನೋಡಿ ಬಂದಿದ್ದರಂತೆ. ದಾರಿಯನ್ನು ಮುಟ್ಟಲು ಯಾರೂ ಬಿಟ್ಟಿರಲಿಲ್ಲವಂತೆ.

ನಿಧಾನಕ್ಕೆ ಸಿ8 ಬಂತು. ನಾನು ತೋರಿಸುವ ಮೊದಲೇ ಅವರಿಗೆ ಕಂಡಿತ್ತು. ಕಪ್ಪು ಡಾಂಬರಿನ ಮೇಲೆ ಬಿಳಿಯ ಗೀರು, ಫುಟ್‌ರೆಸ್ಟ್ ಉಜ್ಜಿಕೊಂಡು ಹೋದದ್ದು. ಹುಲ್ಲಿನಂಚಿನವರೆಗೆ ಹನ್ನೊಂದು ಹೆಜ್ಜೆ ಎಂದು ಎಣಿಸಿದರು. ಸುತ್ತ ಅಂಥ ಗೀರುಗಳು ಇನ್ನೂ ಎಷ್ಟೋ ಇದ್ದವು. ಹಳೆಯವು, ಬೂದಿ ಬಣ್ಣಕ್ಕೆ ತಿರುಗಿದವು, ಒಂದರ ಮೇಲೊಂದು ಹಾದುಹೋದವು. ಮಾವ ಕುಕ್ಕರಗಾಲಲ್ಲಿ ಕೂತು ನನ್ನ ಗೀರಿನೊಳಗೆ ಬೆರಳಾಡಿಸಿದರು. "ಎಷ್ಟ್ ಜನ ಬಂದ್ ಹೋಗವ್ರೆ ನೋಡ್ಲಾ" ಎಂದರು.

ದೂರದ ಪ್ಯಾಡಕ್ಕಿನಲ್ಲಿ ದೀಪ ಹತ್ತಿಕೊಂಡವು. ಬೆಳ್ಳಕ್ಕಿಗಳು ಹಾರಿಹೋಗಿದ್ದವು. ಇನ್ನೂ ನಾಲ್ಕು ತಿರುವು ಬಾಕಿ ಇತ್ತು. ಗೇಟು ಹಾಕುವುದರೊಳಗೆ ಅವನ್ನೂ ನೋಡಬೇಕು ಎಂದು ಮಾವ ಚಪ್ಪಲಿ ಹಿಡಿದುಕೊಂಡೇ ಬರಿಗಾಲಲ್ಲಿ ಬಿರಬಿರನೆ ಮುಂದೆ ಹೊರಟರು.